ತೆಗೆಯುವುದೋ, ಮುಚ್ಚುವುದೋ: ಹಲ್ಲುಜ್ಜುವ ಒಂದು ಚರಿತ್ರೆ

ಹಳೇ ದಿಲ್ಲಿಯ ರೈಲು ನಿಲ್ದಾಣದ ಸುತ್ತಮುತ್ತ ಬೆಳಗ್ಗೆ ಬೇಗ ಓಡಾಡಿದವರು ಫುಟ್‌ಪಾತಿನ ಮೇಲೆ ಗೋಣಿತಾಟು ಹಾಸಿ ಹಸಿ ಕಡ್ಡಿಗಳ ಕಟ್ಟು ಇಟ್ಟುಕೊಂಡು ಕೂತವರನ್ನು ನೋಡಿರುತ್ತೀರಿ. ಕೆಲವು ಬೇವಿನವು, ಕೆಲವು ಜಾಲಿಯವು. ಅಲ್ಲಿ ಅದಕ್ಕೆ ದಾತುನ್ ಎನ್ನುತ್ತಾರೆ. ರಾತ್ರಿ ರೈಲಿನಿಂದ ಇಳಿದ ಕೂಲಿಯವರು, ಲಾರಿ ಡ್ರೈವರುಗಳು ಒಂದೊಂದು ಕೊಂಡು ಅಲ್ಲೇ ನಲ್ಲಿಯ ಪಕ್ಕ ನಿಂತು ಅಗಿಯುತ್ತಾರೆ. ಕಡ್ಡಿ ಸುಮಾರು ಒಂದು ಗೇಣುದ್ದ, ಕಿರುಬೆರಳಿನಷ್ಟು ದಪ್ಪ, ಗಂಟಿಲ್ಲದೆ ನೆಟ್ಟಗಿರುತ್ತದೆ. ಮಾರುವವನನ್ನು ಕೇಳಿದರೆ ಅಪ್ಪ ಹೀಗೇ ಕತ್ತರಿಸುತ್ತಿದ್ದ ಎಂದಾನು.

ಈ ಅಳತೆ ಅವನ ಅಪ್ಪನಿಗಿಂತ ಬಹಳ ಹಳೆಯದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ದಿನಚರಿಯ ಅಧ್ಯಾಯವೊಂದಿದೆ. ಹಲ್ಲುಜ್ಜುವ ಕಡ್ಡಿ ಹನ್ನೆರಡು ಅಂಗುಲ ಉದ್ದವಿರಬೇಕು, ಕಿರುಬೆರಳಿನಷ್ಟು ದಪ್ಪವಿರಬೇಕು, ನೆಟ್ಟಗಿರಬೇಕು, ಗಂಟಿರಬಾರದು ಎಂದು ಅಲ್ಲಿ ಹೇಳಿದೆ. ಯಾವ ಮರದ್ದು ಎಂಬುದನ್ನೂ ರುಚಿಯ ಪ್ರಕಾರ ಹೇಳಿದೆ: ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಖಾರದಲ್ಲಿ ಹೊಂಗೆ, ಸಿಹಿಯಲ್ಲಿ ಹಿಪ್ಪೆ ಶ್ರೇಷ್ಠ. ನಮ್ಮ ಹಳ್ಳಿಗಳಲ್ಲಿ ಹೊಲಕ್ಕೆ ಹೋಗುವ ದಾರಿಯಲ್ಲಿ ಕೈಗೆ ಸಿಕ್ಕ ಬೇವನ್ನೋ ಹೊಂಗೆಯನ್ನೋ ಮುರಿದುಕೊಳ್ಳುತ್ತಿದ್ದವರು ಈ ಪುಸ್ತಕ ಓದಿದವರಲ್ಲ. ಪುಸ್ತಕ ಬರೆದವರೇ ಅಂಥವರನ್ನು ನೋಡಿ ಬರೆದಿದ್ದಾರು.

ಹಲ್ಲು ಮತ್ತು ಬಾಯಿವಾಸನೆಯ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಎರಡು ದಾರಿಗಳು ಕಾಣಿಸಿದವು. ಒಂದು, ಬಾಯಿಯಲ್ಲಿ ಕೂತ ಕೊಳೆಯನ್ನು ತೆಗೆಯುವ ದಾರಿ. ಇನ್ನೊಂದು, ಅದರ ನಾತವನ್ನು ಬೇರೊಂದು ವಾಸನೆಯಿಂದ ಮುಚ್ಚುವ ದಾರಿ. ಮೊದಲನೆಯದಕ್ಕೆ ಬೇಕಾದದ್ದು ದಿನವೂ ಕೈಯ ದುಡಿಮೆ. ಎರಡನೆಯದಕ್ಕೆ ಬೇಕಾದದ್ದು ಕೊಂಡು ತಂದ ಒಂದು ವಸ್ತು. ಕಾಲಕಾಲಕ್ಕೆ ಇವೆರಡೂ ಒಂದಕ್ಕೊಂದು ಬೆರೆತು, ಯಾವುದು ಯಾವುದೆಂದು ಜನಕ್ಕೆ ಗೊತ್ತಾಗದ ಹಾಗೆ ಆಗಿದೆ. ಅದರಿಂದ ಆದ ನಷ್ಟ ಸಣ್ಣದಲ್ಲ.

ಚರಕನ ನಾಲಿಗೆ ಪಟ್ಟಿ

ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಈ ಎರಡೂ ದಾರಿಗಳು ಒಂದರ ಹಿಂದೊಂದು ಬರುತ್ತವೆ. ಮೊದಲು ಕಡ್ಡಿ. ಅದರ ತುದಿಯನ್ನು ಜಜ್ಜಿ, ದಿನಕ್ಕೆ ಎರಡು ಹೊತ್ತು, ವಸಡಿಗೆ ಪೆಟ್ಟಾಗದಂತೆ ಉಜ್ಜಬೇಕು. ಎರಡು ಹೊತ್ತು ಎಂಬುದನ್ನು ಗಮನಿಸಿ. ಇವತ್ತು ದಂತವೈದ್ಯರು ಹೇಳುವುದೂ ಅದನ್ನೇ. ಆಮೇಲೆ ನಾಲಿಗೆ. ಚಿನ್ನ, ಬೆಳ್ಳಿ, ತಾಮ್ರ, ತವರ ಅಥವಾ ಹಿತ್ತಾಳೆಯ ಪಟ್ಟಿ, ಬಾಗಿರಬೇಕು, ಹರಿತವಾಗಿರಬಾರದು. ನಾಲಿಗೆಯ ಬುಡದಲ್ಲಿ ಕೂತ ಕೊಳೆಯಿಂದಲೇ ಬಾಯಿ ನಾರುತ್ತದೆ, ಆದ್ದರಿಂದ ನಾಲಿಗೆಯನ್ನು ಹೆರೆಯಬೇಕು ಎಂದು ಕಾರಣವನ್ನೂ ಕೊಟ್ಟಿದೆ. ಇಷ್ಟಾದ ಮೇಲೆಯೇ ಬಾಯಲ್ಲಿಟ್ಟುಕೊಳ್ಳುವ ಪರಿಮಳದ ವಸ್ತುಗಳ ಪಟ್ಟಿ ಬರುತ್ತದೆ: ಜಾಯಿಕಾಯಿ, ಅಡಿಕೆ, ಲವಂಗ, ವೀಳ್ಯದೆಲೆ, ಕರ್ಪೂರ, ಏಲಕ್ಕಿ.

ಈ ಕ್ರಮದಲ್ಲಿ ವಿವೇಕವಿದೆ. ಮೊದಲು ತೆಗೆ, ಆಮೇಲೆ ಬೇಕಿದ್ದರೆ ಪರಿಮಳ.

ಬೌದ್ಧ ಸಂಘದಲ್ಲಿ ಇದು ನಿಯಮವೇ ಆಯಿತು. ವಿನಯಪಿಟಕದ ಚುಲ್ಲವಗ್ಗದಲ್ಲಿ ಭಿಕ್ಷುಗಳಿಗೆ ಹಲ್ಲುಕಡ್ಡಿಯನ್ನು ಅನುಮತಿಸುವ ಪ್ರಸಂಗವಿದೆ. ಕಡ್ಡಿ ಬಳಸದಿದ್ದರೆ ಐದು ಕೇಡು: ಕಣ್ಣಿಗೆ ಒಳ್ಳೆಯದಲ್ಲ, ಬಾಯಿ ನಾರುತ್ತದೆ, ರುಚಿ ತಿಳಿಯುವ ನಾಳಗಳು ಶುದ್ಧವಾಗುವುದಿಲ್ಲ, ಪಿತ್ತ ಕಫಗಳು ಅನ್ನವನ್ನು ಮುತ್ತುತ್ತವೆ, ಊಟ ಸೇರುವುದಿಲ್ಲ. ಕಡ್ಡಿ ಎಂಟು ಅಂಗುಲಕ್ಕಿಂತ ಉದ್ದವಿರಬಾರದು, ನಾಲ್ಕಕ್ಕಿಂತ ಗಿಡ್ಡವಿರಬಾರದು ಎಂಬ ಅಳತೆಯೂ ಅಲ್ಲಿದೆ.

ಕ್ರಿ.ಶ. 671ರಲ್ಲಿ ಚೀನಾದಿಂದ ಹಡಗು ಹತ್ತಿ ಹೊರಟ ಇತ್ಸಿಂಗ್ ಎಂಬ ಭಿಕ್ಷು ನಾಲಂದದಲ್ಲಿ ಸುಮಾರು ಹತ್ತು ವರ್ಷ ಇದ್ದ. ಭಾರತದ ಮಠಗಳ ದಿನಚರಿಯನ್ನು ತನ್ನ ಊರಿನವರಿಗೆ ತಿಳಿಸಲೆಂದು ಅವನು ಬರೆದ ಪುಸ್ತಕದಲ್ಲಿ ಹಲ್ಲುಕಡ್ಡಿಗೇ ಒಂದು ಅಧ್ಯಾಯವಿದೆ. ಬೆಳಗ್ಗೆ ಎದ್ದು ಕಡ್ಡಿಯ ತುದಿಯನ್ನು ನಿಧಾನವಾಗಿ ಅಗಿದು ಮೆದು ಮಾಡಿ ಹಲ್ಲುಜ್ಜುತ್ತಾರೆ, ನಂತರ ಅದನ್ನೇ ಸೀಳಿ ಬಗ್ಗಿಸಿ ನಾಲಿಗೆ ಹೆರೆಯುತ್ತಾರೆ, ಬಾಯಿ ಮುಕ್ಕಳಿಸಿ ಕಡ್ಡಿಯನ್ನು ಎಸೆಯುತ್ತಾರೆ. ಇದಾಗುವ ಮೊದಲು ಯಾರಿಗೂ ನಮಸ್ಕರಿಸುವಂತಿಲ್ಲ, ಯಾರಿಂದಲೂ ನಮಸ್ಕಾರ ಪಡೆಯುವಂತಿಲ್ಲ. ಚೀನಾದಲ್ಲಿ ಇದನ್ನು ವಿಲ್ಲೋ ಮರದ ಕೊಂಬೆ ಎಂದು ತಪ್ಪು ತಿಳಿದಿದ್ದಾರೆ, ಭಾರತದಲ್ಲಿ ಆ ಮರವೇ ಅಪರೂಪ ಎಂದು ತಿದ್ದುತ್ತಾನೆ. ಈ ಅಭ್ಯಾಸದಿಂದಲೇ ಇಲ್ಲಿನವರಿಗೆ ಹಲ್ಲುನೋವು ಅಪರೂಪ ಎಂಬುದು ಅವನ ಅಭಿಪ್ರಾಯ.

ತಾಂಬೂಲದ ದಾರಿ

ಎರಡನೆಯ ದಾರಿಗೆ ನಮ್ಮ ನಾಡಿನಲ್ಲೇ ದೊಡ್ಡ ಸಾಕ್ಷಿಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ರಾಜನ ಭೋಗಗಳನ್ನು ಎಣಿಸುವಾಗ ತಾಂಬೂಲವನ್ನೂ ಒಂದು ಭೋಗವಾಗಿ ಹೇಳಿದೆ. ಎಲೆ, ಅಡಿಕೆ, ಸುಣ್ಣ, ಕರ್ಪೂರ. ಒಡ್ಡೋಲಗದಲ್ಲಿ ಬಾಯಿ ತೆರೆದರೆ ಪರಿಮಳ ಬರಬೇಕು. ಮದುವೆ, ಮುಂಜಿ, ಮುತ್ತೈದೆಯರ ಬಾಗಿನ, ಮುನಿಸಿಕೊಂಡವರ ರಾಜಿ, ಎಲ್ಲದಕ್ಕೂ ಎಲೆಅಡಿಕೆ ಬೇಕೇ ಬೇಕು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡು ನಮ್ಮದು.

ಅದರ ಮರ್ಯಾದೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಎಲೆಅಡಿಕೆ ಹಲ್ಲಿನ ಕೊಳೆಯನ್ನು ತೆಗೆಯುವುದಿಲ್ಲ. ನಾತವನ್ನು ಒಂದು ಗಳಿಗೆ ಮುಚ್ಚುತ್ತದೆ, ಹಲ್ಲಿಗೆ ಕರೆ ಹಿಡಿಸುತ್ತದೆ. ಅಡಿಕೆಯೇ, ಹೊಗೆಸೊಪ್ಪು ಸೇರದಿದ್ದರೂ, ಬಾಯಿ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಶತಮಾನದ ಆರಂಭದಲ್ಲೇ ಹೇಳಿದೆ. ಊಟದ ಮೇಲೊಮ್ಮೆ ಹಾಕುತ್ತಿದ್ದ ತಾಂಬೂಲ ದಿನವಿಡೀ ಬಾಯಲ್ಲಿರುವ ಗುಟ್ಕಾ ಆದಾಗ ಏನಾಯಿತೆಂದು ಮುಂಬಯಿಯ ಟಾಟಾ ಆಸ್ಪತ್ರೆಯ ಕಾರಿಡಾರಿನಲ್ಲಿ ಒಮ್ಮೆ ನಡೆದವರಿಗೆ ಹೇಳಬೇಕಿಲ್ಲ.

ಹುಳುಕಿನ ಹುಳು

ತಿಕ್ಕಿ ತೆಗೆದರೆ ಏಕೆ ಒಳ್ಳೆಯದಾಗುತ್ತದೆ ಎಂಬುದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. ಹಲ್ಲನ್ನು ಹುಳು ಕೊರೆಯುತ್ತದೆ ಎಂಬುದು ಬ್ಯಾಬಿಲೋನಿಯಾದಿಂದ ಹಿಡಿದು ನಮ್ಮಲ್ಲಿಯವರೆಗೆ ಎಲ್ಲ ಕಡೆ ಇದ್ದ ನಂಬಿಕೆ. ನಮ್ಮ 'ಹುಳುಕು ಹಲ್ಲು' ಎಂಬ ಮಾತಿನಲ್ಲಿ ಆ ಹುಳು ಇನ್ನೂ ಇದೆ. ಗುಳ್ಳದ ಬೀಜದ ಹೊಗೆ ಹಾಕಿ ಹುಳು ಬೀಳಿಸುತ್ತೇನೆ ಎನ್ನುವವರು ಸಂತೆಗಳಲ್ಲಿ ಕೂರುತ್ತಿದ್ದರು. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೋಶಾರ್ ತನ್ನ ದಂತವೈದ್ಯದ ಪುಸ್ತಕದಲ್ಲಿ, ಅಂಥ ಹುಳು ತನಗೆ ಎಂದೂ ಕಂಡಿಲ್ಲ ಎಂದು ಬರೆದು, ಸಕ್ಕರೆಯ ಮೇಲೆ ಬೆರಳು ತೋರಿಸಿದ.

ಅದಕ್ಕೂ ಮೊದಲೇ, 1683ರ ಸೆಪ್ಟೆಂಬರಿನಲ್ಲಿ, ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ಫಾನ್ ಲೇವನ್‌ಹುಕ್ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪತ್ರ ಬರೆದಿದ್ದ. ಅವನು ದಿನಾ ಉಪ್ಪಿನಿಂದ ಹಲ್ಲುಜ್ಜಿ, ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿಕೊಳ್ಳುತ್ತಿದ್ದ ಶಿಸ್ತಿನ ಮನುಷ್ಯ. ಆದರೂ ಹಲ್ಲಿನ ಸಂದಿಯಲ್ಲಿ ಹಿಟ್ಟಿನ ಹಾಗಿನ ಬಿಳಿ ಪದಾರ್ಥ ಉಳಿದಿತ್ತು. ಅದನ್ನು ತಾನೇ ಮಾಡಿದ ಮಸೂರದ ಕೆಳಗಿಟ್ಟು ನೋಡಿದಾಗ ಸಣ್ಣ ಸಣ್ಣ ಜೀವಿಗಳು ಓಡಾಡುತ್ತಿದ್ದವು. ಹುಟ್ಟಿನಿಂದ ಹಲ್ಲನ್ನೇ ಉಜ್ಜದ ಮುದುಕನೊಬ್ಬನ ಬಾಯಿಂದ ತೆಗೆದದ್ದರಲ್ಲಂತೂ ಅವು ಲೆಕ್ಕವಿಲ್ಲದಷ್ಟಿದ್ದವು. ಮನುಷ್ಯ ತನ್ನ ದೇಹದೊಳಗಿನ ಬ್ಯಾಕ್ಟೀರಿಯಾಗಳನ್ನು ಕಂಡ ಮೊದಲ ದಾಖಲೆಗಳಲ್ಲಿ ಇದೊಂದು. ಹುಳುಕಿನ ಹುಳು ಒಂದು ರೀತಿಯಲ್ಲಿ ನಿಜವಾಯಿತು. ಆದರೆ ಅದು ಹೊಗೆ ಹಾಕಿದರೆ ಬೀಳುವಂಥದ್ದಾಗಿರಲಿಲ್ಲ.

ಅವು ಮಾಡುವುದೇನು ಎಂದು ತಿಳಿಯಲು ಇನ್ನೂ ಇನ್ನೂರು ವರ್ಷ ಬೇಕಾಯಿತು. 1890ರಲ್ಲಿ, ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ಡಬ್ಲ್ಯು. ಡಿ. ಮಿಲ್ಲರ್ ಅದನ್ನು ವಿವರಿಸಿದರು. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆ, ಪಿಷ್ಟಗಳನ್ನು ಹುಳಿಯಾಗಿಸುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ.

ಬಿರುಗೂದಲು, ಹಲ್ಲುಪುಡಿ, ರೇಡಿಯೊ

ಬ್ರಷ್ಷು ಮೊದಲು ಬಂದದ್ದು ಚೀನಾದಲ್ಲಿ, ಹಂದಿಯ ಬಿರುಗೂದಲಿನಿಂದ. 1780ರ ಸುಮಾರಿಗೆ ಇಂಗ್ಲೆಂಡಿನಲ್ಲಿ ವಿಲಿಯಂ ಆಡಿಸ್ ಎಂಬವನು ಮೂಳೆಯ ಹಿಡಿಗೆ ಕೂದಲು ಕಟ್ಟಿ ದೊಡ್ಡ ಪ್ರಮಾಣದಲ್ಲಿ ಮಾರಲು ಶುರುಮಾಡಿದ. ಹಂದಿಕೂದಲು, ಮೂಳೆ, ಅದನ್ನು ಬೆಳಗ್ಗೆದ್ದು ಬಾಯಿಗೆ ಹಾಕುವುದು ಎಂದರೆ ನಮ್ಮ ಮನೆಗಳ ಹಿರಿಯರು ಏನೆಂದಿರಬಹುದು ಎಂದು ಊಹಿಸಿ. 1938ರಲ್ಲಿ ನೈಲಾನ್ ಕೂದಲಿನ ಬ್ರಷ್ಷು ಬಂದಮೇಲೆ ಆ ತಕರಾರಿಗೆ ಎಡೆಯಿಲ್ಲವಾಯಿತು.

ಅಷ್ಟರಲ್ಲಿ ಎರಡನೆಯ ದಾರಿಗೆ ಅಮೆರಿಕದಲ್ಲಿ ಹೊಸ ವೇಷ ಬಂದಿತ್ತು. ಲಿಸ್ಟರಿನ್ ಎಂಬ ದ್ರವ 1879ರಲ್ಲಿ ಶಸ್ತ್ರಚಿಕಿತ್ಸೆಯ ಗಾಯ ತೊಳೆಯುವ ಔಷಧಿಯಾಗಿ ಹುಟ್ಟಿತ್ತು. 1920ರ ದಶಕದಲ್ಲಿ ಅದರ ಕಂಪನಿ 'ಹ್ಯಾಲಿಟೋಸಿಸ್' ಎಂಬ ವೈದ್ಯರ ಮೂಲೆಯ ಪದವೊಂದನ್ನು ಪತ್ರಿಕೆಯ ಜಾಹೀರಾತಿಗೆ ತಂದಿತು. ಮದುವೆಯಾಗದ ಹುಡುಗಿ, ಗೆಳೆಯರು ದೂರ ಸರಿದ ಯುವಕ. ಕಾರಣ ಅವರ ಬಾಯಿವಾಸನೆ, ಅದನ್ನು ಯಾರೂ ಅವರಿಗೆ ಹೇಳುವುದಿಲ್ಲ. ಹೆದರಿಕೆ ಮಾರಾಟವಾಯಿತು. ಬಾಯಿವಾಸನೆ ಕಾಯಿಲೆಯ ಸೂಚನೆಯಾಗುವ ಬದಲು ನಾಚಿಕೆಯ ಸಂಗತಿಯಾಯಿತು. ನಾಚಿಕೆ ಬಂದವನು ಮುಚ್ಚಿಕೊಳ್ಳುತ್ತಾನೆಯೇ ಹೊರತು ವೈದ್ಯರಿಗೆ ತೋರಿಸುವುದಿಲ್ಲ.

ನಮ್ಮಲ್ಲಿ ಅದೇ ಕಾಲಕ್ಕೆ ಬೇರೊಂದು ಕಥೆ ನಡೆಯುತ್ತಿತ್ತು. 1913ರಲ್ಲಿ ನಂಜನಗೂಡಿನಲ್ಲಿ ವೈದ್ಯ ಬಿ. ವಿ. ಪಂಡಿತರು ಸದ್ವೈದ್ಯಶಾಲೆ ತೆರೆದರು. ಅವರ ಹಲ್ಲುಪುಡಿ ಮೈಸೂರು ಸೀಮೆಯಲ್ಲಿ ಎಷ್ಟು ಹೆಸರಾಯಿತೆಂದರೆ, ರಸಬಾಳೆ ಮತ್ತು ಶ್ರೀಕಂಠೇಶ್ವರನ ಜೊತೆಗೆ ಊರಿನ ಹೆಸರಿಗೇ ಅಂಟಿಕೊಂಡಿತು. ಕಲ್ಕತ್ತದಲ್ಲಿ ಸ್ವದೇಶಿ ಚಳವಳಿಯ ಹುಮ್ಮಸ್ಸಿನಲ್ಲಿ 1916ರಲ್ಲಿ ಶುರುವಾದ ಕ್ಯಾಲ್ಕಟ್ಟಾ ಕೆಮಿಕಲ್ ಬೇವಿನ ಟೂತ್‌ಪೇಸ್ಟ್ ತಂದಿತು. 1937ರಲ್ಲಿ ಕೋಲ್ಗೇಟ್ ಭಾರತದಲ್ಲಿ ಕಂಪನಿ ಮಾಡಿಕೊಂಡಿತು. ಮುಂಬಯಿಯಲ್ಲಿ ಮಂಗನ ಚಿತ್ರದ ಕಪ್ಪು ಹಲ್ಲುಪುಡಿ ಇತ್ತು, 1952ರಲ್ಲಿ ವಿಕೋ ಬಂತು. ಅದೇ ವರ್ಷ ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿ 'ಬಿನಾಕಾ ಗೀತಮಾಲಾ' ಶುರುಮಾಡಿದರು. ಬುಧವಾರ ರಾತ್ರಿ ದೇಶವೇ ಒಂದು ಟೂತ್‌ಪೇಸ್ಟಿನ ಹೆಸರಿನಲ್ಲಿ ಹಾಡು ಕೇಳಿತು.

ಪುಡಿಯನ್ನು ಬೆರಳಿನಿಂದ ತಿಕ್ಕುತ್ತಿದ್ದರು. ಬೆರಳು ಹಲ್ಲಿನ ಮೇಲ್ಮೈಯನ್ನು, ವಸಡನ್ನು ತಿಕ್ಕೀತು, ಸಂದಿಗೆ ಹೋಗಲಾರದು. ಇದ್ದಿಲು, ಇಟ್ಟಿಗೆಪುಡಿಯಂಥ ಒರಟು ಪುಡಿಗಳು ಹಲ್ಲಿನ ಮೇಲ್ಪದರವನ್ನೇ ಸವೆಸುತ್ತಿದ್ದವು. ಬೇವಿನ ಕಡ್ಡಿಗೂ ಮಿತಿಯಿದೆ: ಮುಂದಿನ ಹಲ್ಲಿಗೆ ಚೆನ್ನಾಗಿ ತಾಗುವ ಅದು ದವಡೆಹಲ್ಲಿನ ಒಳಬದಿಗೆ ಸುಲಭವಾಗಿ ತಲುಪುವುದಿಲ್ಲ. ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳಹೊರಟಿಲ್ಲ.

ಸೊಲ್ಲಾಪುರದ ಅತ್ತೆ

ತೆಗೆಯುವ ದಾರಿಯ ವೇಷದಲ್ಲೇ ಬಂದ ಒಂದು ಕೇಡನ್ನು ನಾನು ಮನೆಯಲ್ಲೇ ನೋಡಿದೆ. ಸೊಲ್ಲಾಪುರದ ನನ್ನ ಸೋದರತ್ತೆ ಬೆಳಗ್ಗೆ ಚಹಾಕ್ಕೆ ಮೊದಲು ತವೆಯ ಮೇಲೆ ತಂಬಾಕಿನ ಎಲೆ ಹುರಿಯುತ್ತಿದ್ದಳು. ಕರಿದಾದ ಮೇಲೆ ಪುಡಿಮಾಡಿ ಡಬ್ಬಿಯಲ್ಲಿ ತುಂಬುತ್ತಿದ್ದಳು. ಇದು ಮಶೇರಿ. ಪುಣೆ, ಸಾತಾರ, ಸೊಲ್ಲಾಪುರದ ಕಡೆ ಇದ್ದವರಿಗೆ ಆ ಘಾಟು ನೆನಪಿರುತ್ತದೆ. ಬೆರಳಿಗೆ ಹಚ್ಚಿಕೊಂಡು ಹಲ್ಲು ತಿಕ್ಕಬೇಕು. ಬೆಳಗ್ಗೆ ಒಮ್ಮೆ ಶುರುವಾದದ್ದು ಊಟದ ನಂತರ, ಸಂಜೆ, ಮಲಗುವ ಮೊದಲು ಹೀಗೆ ನಾಲ್ಕೈದು ಸಲಕ್ಕೆ ಹೋಗುತ್ತದೆ. ಹಲ್ಲು ಗಟ್ಟಿಯಾಗುತ್ತದೆ, ನೋವು ಬರುವುದಿಲ್ಲ ಎಂಬ ನಂಬಿಕೆ. ನೋವು ಗೊತ್ತಾಗುತ್ತಿರಲಿಲ್ಲ ಎಂಬುದು ನಿಜ.

ತಂಬಾಕು ಈ ಸೀಮೆಗೆ ಹೊರಗಿನದು. ಪೋರ್ಚುಗೀಸರು ತಂದದ್ದು. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಅದನ್ನು ಬಿಜಾಪುರದಲ್ಲಿ ಕಂಡು, ಹೊಸ ವಸ್ತುವೆಂದು ಆಗ್ರಾಕ್ಕೆ ಒಯ್ದ. ಆಸ್ಥಾನದ ವೈದ್ಯರು ಅದರ ಬಗ್ಗೆ ವಾದ ಮಾಡಿದರು. ಅಂಥ ಎಲೆ ಕೆಲವು ತಲೆಮಾರುಗಳಲ್ಲಿ ಹಲ್ಲುಪುಡಿಯಾಗಿ ಹೆಂಗಸರ ಡಬ್ಬಿ ಸೇರಿತು. ಬೀಡಿ ಸೇದಿದರೆ ಹೆಂಗಸನ್ನು ಜನ ಆಡಿಕೊಳ್ಳುತ್ತಿದ್ದರು; ಹಲ್ಲು ತಿಕ್ಕಿದರೆ ಯಾರೇನು ಅಂದಾರು? ಉತ್ತರದಲ್ಲಿ ಗುಲ್, ಛತ್ತೀಸಗಢ ಒಡಿಶಾದ ಕಡೆ ಗುಡಾಖು, ಹೆಸರು ಬೇರೆ, ಕಥೆ ಅದೇ. 1992ರಲ್ಲಿ ಕೇಂದ್ರ ಸರ್ಕಾರ ಟೂತ್‌ಪೇಸ್ಟ್, ಹಲ್ಲುಪುಡಿಗಳಲ್ಲಿ ತಂಬಾಕು ಸೇರಿಸುವುದನ್ನು ನಿಷೇಧಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, 1997ರಲ್ಲಿ ನಿಷೇಧ ಊರ್ಜಿತವಾಯಿತು. ಆದರೆ ಮನೆಯ ತವೆಯ ಮೇಲೆ ಹುರಿಯುವುದನ್ನು ಯಾವ ಕಾಯಿದೆ ತಡೆದೀತು?

ಅತ್ತೆಗೆ ಅರವತ್ತರ ಹೊತ್ತಿಗೆ ಕೆಳತುಟಿಯ ಒಳಗೆ ಬಿಳಿ ಮಚ್ಚೆ ಕಾಣಿಸಿತು. ಅಲುಗಾಡುತ್ತಿದ್ದ ಹಲ್ಲು ಕೀಳಿಸಲು ಹೋದಾಗ ದಂತವೈದ್ಯರು ನೋಡಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಪುಣ್ಯಕ್ಕೆ ಕ್ಯಾನ್ಸರ್ ಆಗಿರಲಿಲ್ಲ. ಮಶೇರಿ ಬಿಡದಿದ್ದರೆ ಆಗಬಹುದು ಎಂದರು. ಮನೆಗೆ ಬಂದ ಅತ್ತೆ ಸಿಟ್ಟಿನಿಂದ ಕೇಳಿದಳು: "ಹಲ್ಲು ತಿಕ್ಕೂದ ಬಿಡು ಅಂತಾರಲ್ಲ, ಅವರೇನು ಡಾಕ್ಟರೋ ಏನೋ?"

ನಮಗೆ ನಗು ಬಂತು. ಆಮೇಲೆ ನನಗೆ ಹೊಳೆಯಿತು, ಅವಳ ದೃಷ್ಟಿಯಲ್ಲಿ ಅದು ಸರಿಯಾದ ಪ್ರಶ್ನೆ. ನಲವತ್ತು ವರ್ಷ ಅವಳು ಮಾಡಿದ್ದು ಶುಚಿಯ ಕೆಲಸ ಎಂದೇ ಅವಳು ತಿಳಿದಿದ್ದಳು. ಚಟವೊಂದು ಒಳ್ಳೆಯ ಅಭ್ಯಾಸದ ಹೆಸರಿನಲ್ಲಿ ಮನೆಯೊಳಗೆ ಬಂದಿತ್ತು.

ಹನ್ನೆರಡು ಜನ, ಮೂರು ವಾರ

ದಿನದಿನದ ಉಜ್ಜುವಿಕೆ ನಿಜಕ್ಕೂ ಏನು ಮಾಡುತ್ತದೆ ಎಂಬುದು ಸ್ಪಷ್ಟವಾದದ್ದು 1965ರಲ್ಲಿ, ಡೆನ್ಮಾರ್ಕಿನ ಆರ್ಹಸ್‌ನಲ್ಲಿ. ಹರಾಲ್ಡ್ ಲೋ ಮತ್ತು ಸಂಗಡಿಗರು ವಸಡು ಆರೋಗ್ಯವಾಗಿದ್ದ ಹನ್ನೆರಡು ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಹನ್ನೆರಡೂ ಜನರ ವಸಡು ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದಾಗ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಹಲ್ಲಿನ ಮೇಲೆ ಬೆಳೆಯುವ ಪಾಚಿಯಂಥ ಪದರವೇ ವಸಡಿನ ಕಾಯಿಲೆಗೆ ಮೂಲ, ಅದನ್ನು ದಿನವೂ ಕೆಡವಿದರೆ ಸಾಕು ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಬೇಕಿಲ್ಲ. ಬಿಟ್ಟರೆ ಅದೇ ಪದರ ಗಟ್ಟಿಯಾಗಿ ಕಿಟ್ಟವಾಗುತ್ತದೆ. ಆಗ ಬ್ರಷ್ಷಿನಿಂದ ಹೋಗುವುದಿಲ್ಲ, ವೈದ್ಯರೇ ತೆಗೆಯಬೇಕು.

ಬಾಯಿವಾಸನೆಯ ವಿಷಯವೂ ಆಮೇಲೆ ತಿಳಿಯಾಯಿತು. ಕೆನಡಾದ ವ್ಯಾಂಕೂವರಿನಲ್ಲಿ ಜೋಸೆಫ್ ಟೋನ್‌ಜೆಟಿಚ್ 1960, 70ರ ದಶಕಗಳಲ್ಲಿ ನಾತದ ಅನಿಲಗಳನ್ನು ಅಳೆದರು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಮತ್ತು ಅದರ ಬಳಗದ ಗಂಧಕದ ಅನಿಲಗಳು. ಬಾಯಿಯ ಬ್ಯಾಕ್ಟೀರಿಯಾಗಳು ಅಳಿದುಳಿದ ಆಹಾರ, ಸತ್ತ ಜೀವಕೋಶಗಳ ಪ್ರೋಟೀನನ್ನು ಒಡೆದಾಗ ಇವು ಹುಟ್ಟುತ್ತವೆ. ಹೊಟ್ಟೆ ಕೆಟ್ಟರೆ ಬಾಯಿ ನಾರುತ್ತದೆ ಎಂದು ನಾವು ಹೇಳುತ್ತೇವಾದರೂ, ಬಹುಪಾಲು ನಾತ ಹುಟ್ಟುವುದು ಬಾಯಲ್ಲೇ, ಅದರಲ್ಲೂ ನಾಲಿಗೆಯ ಹಿಂಭಾಗದಲ್ಲಿ ಮತ್ತು ಊದಿದ ವಸಡಿನಲ್ಲಿ. ಚರಕಸಂಹಿತೆ ನಾಲಿಗೆಯ ಬುಡ ಎಂದದ್ದೂ ಇದೇ ಜಾಗ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬೆಳಗ್ಗೆ, ನೀರು ಕುಡಿಯದ ಉಪವಾಸದ ದಿನ ಮಧ್ಯಾಹ್ನ, ವಾಸನೆ ಹೆಚ್ಚು.

ಒಂದು ವಿಷಯ ಮಾತ್ರ ಹಳಬರಿಗೆ ಗೊತ್ತಿರಲಿಲ್ಲ: ಫ್ಲೋರೈಡ್. ಪೇಸ್ಟಿನಲ್ಲಿ ಸ್ವಲ್ಪ ಇದ್ದರೆ ಹಲ್ಲಿನ ಮೇಲ್ಪದರ ಆಮ್ಲಕ್ಕೆ ಜಗ್ಗದಂತೆ ಗಟ್ಟಿಯಾಗುತ್ತದೆ. ಅದೇ ಕುಡಿಯುವ ನೀರಿನಲ್ಲಿ ಹೆಚ್ಚಾದರೆ ಹಲ್ಲು ಕಂದಾಗಿ, ಮೂಳೆ ಬಾಗುತ್ತದೆ ಎಂಬುದನ್ನು ನಲಗೊಂಡ ಬಲ್ಲ ಹೈದರಾಬಾದಿನವರಿಗೂ ಪಾವಗಡ ಬಲ್ಲವರಿಗೂ ಹೇಳಬೇಕಿಲ್ಲ. ಹಾಗಾಗಿ ಮಕ್ಕಳು ಪೇಸ್ಟನ್ನು ನುಂಗದಂತೆ ನೋಡಿಕೊಳ್ಳಬೇಕು.

ಇಷ್ಟು ಚರಿತ್ರೆಯಿಂದ ಬಚ್ಚಲಿಗೆ ಒಯ್ಯಬೇಕಾದದ್ದು ಸ್ವಲ್ಪವೇ. ಎರಡು ಹೊತ್ತು, ಅದರಲ್ಲೂ ರಾತ್ರಿ ಮಲಗುವ ಮೊದಲು ತಪ್ಪದೆ, ಮೆದು ಬ್ರಷ್ಷಿನಿಂದ ಎರಡು ನಿಮಿಷ. ಸಂದಿಗೆ ದಾರ ಅಥವಾ ಸಣ್ಣ ಬ್ರಷ್ಷು. ನಾಲಿಗೆಗೆ ಪಟ್ಟಿ, ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ. ಏನು ತಿಂದರೂ ನೀರಿನಿಂದ ಮುಕ್ಕಳಿಸುವುದು. ಸಿಹಿ ತಿನ್ನುವುದಿದ್ದರೆ ಊಟದ ಜೊತೆ. ದಿನವಿಡೀ ಸಕ್ಕರೆ ಚಹಾ, ಬಿಸ್ಕತ್ತು ಬೇಡ. ವಸಡಿನಲ್ಲಿ ರಕ್ತ ಬಂದರೆ ಅಲ್ಲಿ ಉಜ್ಜುವುದನ್ನು ಬಿಡುವವರೇ ಹೆಚ್ಚು. ಬಿಡಬಾರದು, ಮೆದುವಾಗಿ ಉಜ್ಜಬೇಕು. ಒಂದೆರಡು ವಾರದಲ್ಲಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಬಾಯಿಯೊಳಗಿನ ಬಿಳಿ, ಕೆಂಪು ಮಚ್ಚೆಯನ್ನೂ, ಮಾಯದ ಹುಣ್ಣನ್ನೂ ಹಾಗೆಯೇ. ಇಷ್ಟೆಲ್ಲ ಮಾಡಿಯೂ ನಾತ ಉಳಿದರೆ ಏಲಕ್ಕಿ ಅಗಿದು ಸುಮ್ಮನಾಗಬಾರದು. ಅದು ಏನನ್ನೋ ಹೇಳುತ್ತಿರುತ್ತದೆ.

ಅತ್ತೆ ಮಶೇರಿ ಬಿಡಲು ಏಳೆಂಟು ತಿಂಗಳು ಹಿಡಿಯಿತು. ಮೊದಮೊದಲು ತಲೆನೋವು, ಸಿಡಿಮಿಡಿ, ಕದ್ದು ಡಬ್ಬಿ ತೆಗೆಯುವುದು. ಬರೀ ಬಿಡು ಎಂದರೆ ಆಗುತ್ತಿರಲಿಲ್ಲ, ಕೈಗೆ ಬೇರೆ ಕೆಲಸ ಕೊಡಬೇಕಿತ್ತು. ಬ್ರಷ್ಷು ಹಿಡಿಯಲು ಅವಳಿಗೆ ಮುಜುಗರ, "ಮುದುಕಿ ಆದಮ್ಯಾಲೆ ಶಾಲಿ ಹುಡುಗರ ಗತೆ" ಎನ್ನುತ್ತಿದ್ದಳು. ಈಗ ರೂಢಿಯಾಗಿದೆ. ಮಶೇರಿಯ ತವೆಯ ಮೇಲೆ ಈಗ ಶೇಂಗಾ ಹುರಿಯುತ್ತಾಳೆ. ಹಳೆಯದರಲ್ಲಿ ಉಳಿದಿರುವುದು ಅವಳ ತವರಿನಿಂದ ಬಂದ ತಾಮ್ರದ ನಾಲಿಗೆ ಪಟ್ಟಿ ಒಂದೇ. ಅದನ್ನು ನೋಡಿ ದಂತವೈದ್ಯರು, "ಇದನ್ನ ಬಿಡಬ್ಯಾಡ್ರಿ ಅಜ್ಜಿ" ಎಂದರಂತೆ.